ಗೆರೆ

ಬೇಕರಿಯ ಗೋಡೆಗೆ ನೆಕ್ಕರ್ ನದಿಯೇ ಬರೆದ ಲೆಕ್ಕ:
ಮೊಣಕಾಲಿಗೊಂದು ಗೆರೆ, ಎದೆಮಟ್ಟಕ್ಕೆ ಇನ್ನೊಂದು,
ಏಣಿ ಹತ್ತಿದರಷ್ಟೇ ಕೈಗೆಟುಕುವುದು
ಸಾವಿರದ ಏಳುನೂರ ಎಂಬತ್ತನಾಲ್ಕು.
ಆ ಸಲ ಮಂಜುಗಡ್ಡೆ ಸೇತುವೆಯನ್ನೇ ಹೊತ್ತೊಯ್ದಿತಂತೆ,
ಸುಂಕದ ಕಟ್ಟೆಯ ಉಪ್ಪೆಲ್ಲ ಕರಗಿ
ಮೀನುಗಳಿಗೆ ಮೂರು ದಿನ ಕಡಲಿನ ಕನಸು.

ವರ್ಷಕ್ಕೊಮ್ಮೆ ಕಪ್ಪು ತುಂಬುವವನು ನಾನು.
ಅಪ್ಪನ ಕುಂಚ, ಅಜ್ಜನ ಏಣಿ.

ಗುಂಡಿ, ದಾರ ಮಾರುತ್ತಿದ್ದ ಮೂಲೆಮನೆಯ ಎಟ್ಲಿಂಗರ್ ಯಹೂದಿಗಳನ್ನು
ಮಕ್ಕಳ ಸಮೇತ ರೈಲಿಗೆ ತುಂಬಿದ ವರ್ಷ ಎಲ್ಲಿ?
ಹುಡುಕಿದೆ. ಗೋಡೆಯಲ್ಲಿಲ್ಲ.
ನೀರು ಆಗ ತನ್ನ ಪಾತ್ರ ಬಿಟ್ಟು ಕದಲಿರಲಿಲ್ಲ.
ಅಜ್ಜನೂ ಅಷ್ಟೇ ಹೇಳುತ್ತಿದ್ದ:
"ಹೊಳೆ ಶಾಂತವಾಗಿತ್ತು ಕಣೋ, ದ್ರಾಕ್ಷಿಯೂ ಸಿಹಿಯಿತ್ತು."

ಡಬ್ಬಿಯಲ್ಲಿ ಬಣ್ಣ ಉಳಿದಿದೆ.
ಏಣಿಯ ಮೇಲೆ ನಿಂತೇ ಇದ್ದೇನೆ,
ಎಷ್ಟು ಎತ್ತರಕ್ಕೆ ಎಳೆಯಬೇಕೋ ತಿಳಿಯದೆ.