ತಂಗೂಸು

ಕಣ್ಣು ಮುಚ್ಚಿ ಬೊಮ್ಮಯ್ಯ,
ಎಳೆ ತಾಗಿದಾಗ ಹೂಂ ಅನ್ನಿ.

ಹೆಬ್ಬೆರಳಿಗೆ ಮುಟ್ಟಿಸಿದೆ, ಕಿರುಬೆರಳಿಗೆ,
ಹಿಮ್ಮಡಿಯ ಬಿರುಕಿನ ಪಕ್ಕಕ್ಕೆ.
ಕಿಟಕಿಯಾಚೆ ಕಾಗೆ ಕೂಗಿತು.
"ಶುರು ಮಾಡಿ ಸಿಸ್ಟರ್" ಅಂದರು.

ಕಣ್ಣು ಬಿಟ್ಟು ನನ್ನ ಕೈ ನೋಡಿದರು:
"ಇದು ನಮ್ಮ ಬಲೆಯ ತಂಗೂಸಲ್ಲವಾ?"
ಹೌದು, ಅಂಥದೇ.
ಇಪ್ಪತ್ತು ಮಾರು ಆಳದಲ್ಲಿ
ಮೀನು ಮೂಸಿದರೂ ತಿಳಿಯುವ ಬೆರಳು ಅವರದು.
ಬೈತಖೋಲದ ಧಕ್ಕೆಯಲ್ಲಿ ಚುಚ್ಚಿದ ಮುಳ್ಳು ಮಾತ್ರ
ಮೂರು ದಿನ ಪಾದದೊಳಗೇ ಇತ್ತು,
ಹೆಂಡತಿಗೆ ವಾಸನೆ ಬಡಿಯುವ ತನಕ.

ನಿನ್ನೆ ಉಪವಾಸವಂತೆ, ಪರೀಕ್ಷೆಗೆಂದು.
ಈ ರಕ್ತ ನಿನ್ನೆಯೊಂದನ್ನೇ ಹೇಳುವುದಿಲ್ಲ ಬೊಮ್ಮಯ್ಯ,
ಮೂರು ತಿಂಗಳ ಗಂಜಿ, ಮೂರು ತಿಂಗಳ ಚಾ,
ನುಂಗದೆ ಬಿಟ್ಟ ಮಾತ್ರೆ,
ಎಲ್ಲ ಬರೆದಿಟ್ಟುಕೊಂಡಿದೆ
ಸೊಸೈಟಿಯ ಗುಮಾಸ್ತನ ಹಾಗೆ.
ಹನ್ನೊಂದೂವರೆ.

ಇನ್ಸುಲಿನ್ ಎಲ್ಲಿಟ್ಟಿದ್ದೀರಿ?
"ದೋಣಿಯಲ್ಲಿ. ಐಸಿನೊಳಗೆ, ಬಂಗಡೆ ಜೊತೆ."
ನಗು ಬಂತು. ನಗಲಿಲ್ಲ.
ಹೆಪ್ಪುಗಟ್ಟಿದರೆ ಅದು ಔಷಧಿಯಲ್ಲ,
ಮಣ್ಣಿನ ಮಡಕೆ ಸಾಕು, ಒದ್ದೆ ಬಟ್ಟೆ ಸುತ್ತಿ ಅಂದೆ.
ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿ ಅಂದೆ.
"ಮುಖವನ್ನೇ ನೋಡಿಕೊಳ್ಳುವವನಲ್ಲ ನಾನು."

ತಿಂಗಳು ಕಳೆದು ಬಂದರು,
ಎಣ್ಣೆ ಹತ್ತಿದ ಲೆಕ್ಕದ ಪುಸ್ತಕ ಕಂಕುಳಲ್ಲಿ.
ಓದಿದೆ:

ಐಸು ಆರು ಪೆಟ್ಟಿಗೆ. ಡೀಸೆಲ್ ಬಾಕಿ.
ಬೆಳಿಗ್ಗೆ ಸಕ್ಕರೆ ನೂರಾ ತೊಂಬತ್ತು.
ನಿನ್ನೆಗಿಂತ ಕಮ್ಮಿ. ಸೀಗಡಿ ರೇಟೂ ಕಮ್ಮಿ.
ಎಡಗಾಲು ನೋಡಿದೆ.
ಬಲಗಾಲು ಮಾದೇವಿ ನೋಡಿದಳು,
ಕನ್ನಡಕ ಒಂದೇ ಇರುವುದು,
ಅವಳು ಕೊಡಲಿಲ್ಲ.