ಎರಡು ಕಟ್ಟು, ಮೇಲೆ ಹತ್ತು

ಗೊಂಬೆ ಉಸಿರಾಡುವುದಿಲ್ಲ, ಮೊದಲ ತೊಂದರೆ ಇದೇ.
ಉಡುಪಿಯಿಂದ ಚೀಲದಲ್ಲಿ ಬಂದ ಬಟ್ಟೆಯ ಮಗು,
ಬೆನ್ನಿಗೆ ಇಲಾಖೆಯ ಮೊಹರು,
ಹೊಕ್ಕುಳಬಳ್ಳಿಗೆ ಟಿಚ್ ಬಟನ್ನು.

ಕೆಮ್ಮಣ್ಣಿನ ಆಸ್ಪತ್ರೆಯ ಮಾಳಿಗೆಯಲ್ಲಿ
ಹನ್ನೊಂದು ಹೆಂಗಸರು, ಒಂದೇ ಫ್ಯಾನು.
ಕೆಟ್ಟುಹೋದ ಬಿ.ಪಿ. ಯಂತ್ರದ ರಬ್ಬರು ಚೀಲ
ಗೊಂಬೆಯ ಅಂಗಿಯೊಳಗೆ ತುರುಕಿ
ಮೇಜಿನಡಿ ಕೂತು ನಳಿಗೆಯಲ್ಲಿ ನಾನೇ ಊದಿದೆ,
ಇಪ್ಪತ್ತಾರು ವರ್ಷ ಊರಿಗೆಲ್ಲ ಸೂಜಿ ಚುಚ್ಚಿದ ಸಿಸ್ಟರು.
ಎದೆ ಏರಿತು, ಇಳಿಯಿತು.
"ದೇವಾ, ಜೀವ ಬಂತು!" ಅಂದಳು ಸೆವ್ರಿನ್.
ನಗು ನಿಂತ ಮೇಲೆ ಹೇಳಿದೆ:
ಎರಡು ತಿಂಗಳೊಳಗಿನ ಕೂಸು,
ನಿಮಿಷಕ್ಕೆ ಅರವತ್ತು ಮುಟ್ಟಿದರೆ ಅಪಾಯ.
ಪೂರಾ ಒಂದು ನಿಮಿಷ ಎಣಿಸಿ. ಅರ್ಧ ಎಣಿಸಿ ದುಪ್ಪಟ್ಟು ಮಾಡಬೇಡಿ,
ಕೂಸಿನ ಉಸಿರಿಗೆ ತಾಳ ಇಲ್ಲ.

ಮೂವತ್ತೆಂಟರ ಹತ್ತಿರ ಎಲ್ಲರೂ ಎಡವಿದರು.
ಝೊಹರಾ ನಲವತ್ತೊಂದನ್ನು ಎರಡು ಸಲ ದಾಟಿದಳು,
ಜಲಜಾಕ್ಷಿಗೆ ಗಡಿಯಾರ ನೋಡಿದರೆ ಎದೆ ತಪ್ಪುತ್ತದೆ,
ಎದೆ ನೋಡಿದರೆ ಗಡಿಯಾರ.
ನನಗೋ, ಅಷ್ಟು ಬೇಗ ಊದಿ, ಕಣ್ಣಿಗೆ ಕತ್ತಲೆ.

ಗೋಡೆಗೊರಗಿದ ವಾರಿಜ ಮಾತ್ರ ತುಟಿ ಅಲುಗಿಸಲಿಲ್ಲ.
ಎಂಟನೆಯ ಕ್ಲಾಸು, ಆಮೇಲೆ ಮಡಿಲಲ್ಲಿ ಗೆರಸೆ,
ಹೊಗೆಸೊಪ್ಪು, ಎಲೆ, ನೂಲು.
ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು.
"ಎಷ್ಟು?"
"ಎರಡು ಕಟ್ಟು, ಮೇಲೆ ಹದಿಮೂರು."
ಕಟ್ಟಿಗೆ ಇಪ್ಪತ್ತೈದು ಬೀಡಿ.
ಒಂದು ಕಮ್ಮಿಯಾದರೂ ಪೂರಾ ಕಂತೆ ಬಿಚ್ಚಿಸುವ
ಬ್ರಾಂಚಿನವನ ಎದುರು ನಿಂತು ಕಲಿತ ಲೆಕ್ಕ.
ನಾನು ಊದಿದ್ದು ಅರವತ್ತಮೂರು.

"ಎರಡು ಕಟ್ಟು, ಮೇಲೆ ಹತ್ತು," ಅಂದೆ. "ಅಷ್ಟಾದರೆ ಫೋನು ಮಾಡು."

ಕ್ಷಯದ ಪಾಠದ ದಿನ ಕಫದ ಡಬ್ಬಿ ಎತ್ತಿ ತೋರಿಸಿ
"ಯಾರ ಕೈಗೆ ಕೊಡುತ್ತೀರಿ?" ಎಂದರೆ
ತಾನೇ ಎದ್ದು ಬಂದು ಇಸಕೊಂಡಳು.
ಯಾರೂ ನಗಲಿಲ್ಲ.
ಫಲಿತಾಂಶ ಒಳ್ಳೆಯದೇ ಬಂತು. ಕೆಮ್ಮು ಇನ್ನೂ ಇದೆ.

ಆಟಿಯ ಒಂದು ರಾತ್ರಿ, ಒಂದೂವರೆಗೆ ಫೋನು.
ಹಿಂದೆ ನೀರಿನ ಸದ್ದು, ಮುದುಕಿಯೊಬ್ಬಳ ಗೊಣಗು:
ಶೀತ ಅಷ್ಟೆ, ಬಜೆ ತೇಯಿರಿ,
ಅಮೆ ಕಳೆಯುವ ಮೊದಲು ಹೊಳೆ ದಾಟಿಸುತ್ತಾರಾ ಯಾರಾದರೂ?
"ಅಕ್ಕ, ಕುದ್ರುವಿನಿಂದ. ಒಂಬತ್ತು ದಿನದ್ದು. ಮೊಲೆ ಹಿಡಿಯುವುದಿಲ್ಲ.
ಮೂರು ಕಟ್ಟಿಗೆ ಒಂದು ಕಮ್ಮಿ.
ಇನ್ನೊಮ್ಮೆ ಎಣಿಸಿದೆ. ಅಷ್ಟೇ."
ನಿದ್ದೆಗಣ್ಣಲ್ಲಿ, ಇದು ಬೀಡಿಯ ಮಾತಲ್ಲವೆಂದು
ನನಗೆ ಹೊಳೆಯಲು ಹಿಡಿದ ಹೊತ್ತನ್ನು
ಯಾವ ರಿಪೋರ್ಟಿನಲ್ಲೂ ನಾನು ಬರೆದಿಲ್ಲ.

ಆಂಬುಲೆನ್ಸು ಕುದ್ರುವಿಗೆ ಹೋಗುವುದಿಲ್ಲ.
ಹೊಯ್ಗೆ ದೋಣಿಯವನನ್ನು ಅವಳೇ ಎಬ್ಬಿಸಿದ್ದಳು.
ತಾಯಿಯ ರವಿಕೆ ಸಡಿಲಿಸಿ ಕೂಸನ್ನು ಮೈಗೆ ಮೈ ಹಚ್ಚಿ,
ಮೇಲೊಂದು ಕಂಬಳಿ, ಕಂಬಳಿಯ ಮೇಲೆ ಕೊಡೆ,
ಕೊಡೆಯ ಹೊರಗೆ ತಾನು.
ಉಡುಪಿಯ ಡಾಕ್ಟರಿಗೆ ಕೊಟ್ಟ ಚೀಟಿ
ಬೀಡಿ ಪಾಸ್‌ಬುಕ್ಕಿನ ಕೊನೆಯ ಹಾಳೆ:
ಗಂಟೆ, ಕಟ್ಟು; ಗಂಟೆ, ಕಟ್ಟು.
ಆತ ಮೊದಲು ನಕ್ಕ. ಆಮೇಲೆ ಗುಣಿಸಿದ.

ಕೂಸಿಗೆ ಈಗ ನಾಲ್ಕು ಹಲ್ಲು.
ಆ ರಾತ್ರಿಯ ದೋಣಿ ಬಾಡಿಗೆ ಬರೆಯಲು
ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ಮೊನ್ನೆ ಹೊಸ ತಂಡಕ್ಕೆ ಮತ್ತೆ ಮೇಜಿನಡಿ ಕೂತು ಊದಿದೆ.
ಎಣಿಸಲು ಕಲಿಸಿದವಳು ವಾರಿಜ.
ಚಹಾದ ಹೊತ್ತಿಗೆ ಪಕ್ಕಕ್ಕೆ ಬಂದು, ತಗ್ಗಿದ ದನಿಯಲ್ಲಿ:
"ಅಕ್ಕ, ಉಸಿರು ಬಿಡುವಾಗ ನಿಮ್ಮೆದೆಯಲ್ಲಿ ಸಿಳ್ಳೆ ಉಂಟು.
ಹೋದ ಸಲ ಇರಲಿಲ್ಲ. ಡಾಕ್ಟರಿಗೆ ತೋರಿಸಿದಿರಾ?"

ತೋರಿಸುತ್ತೇನೆ ಅಂದೆ.
ಆ ಉತ್ತರವನ್ನು ನಂಬಬಾರದೆಂದು
ಅವಳಿಗೆ ಕಲಿಸಿದವಳು ನಾನೇ.
ಲೋಟ ತೊಳೆದಿಟ್ಟು, ಚೀಲ ಹೆಗಲಿಗೇರಿಸಿ,
ಬಾಗಿಲಲ್ಲಿ ನಿಂತೇ ಇದ್ದಾಳೆ.