ಖಣದ ಮಡಿಕಿ

ಬಂದ್ ಬಿದ್ದ ಹಿಟ್ಟಿನ ಗಿರಣಿ ಅದು.
ಗ್ವಾಡಿ ಸಂದ್ಯಾಗ ಇನ್ನೂ ಜ್ವಾಳದ ವಾಸನಿ.
ಮಧ್ಯಾಹ್ನ ಎರಡರಿಂದ ಮೂರು, ಹೆಂಗಸರ ಹೊತ್ತು.
ಹುಸೇನಬಿ ನದಾಫ ನನ್ನ ಜಂಪರಿನ ಬೆನ್ನಮ್ಯಾಲ
ಸೀಮಿಸುಣ್ಣಲೆ ಗೆರಿ ಎಳದ್ಲು:
ತಲಿಬುರುಡಿ ಬುಡದಿಂದ ಎರಡೂ ಹೆಗಲಿನ ತುದಿಗೆ,
ಅಲ್ಲಿಂದ ನಡುಬೆನ್ನಿಗೆ ಇಳದು ಒಂದು ಚೂಪು.
ಹೊಳ್ಳಿ ನೋಡಾಕ ಕತ್ತು ಹೊಳ್ಳೂದಿಲ್ಲ,
ಮೊಬೈಲಿನ್ಯಾಗ ಫೋಟೊ ಹೊಡದು ತೋರಿಸಿದ್ಲು.
"ಇಷ್ಟು ದೊಡ್ಡದೈತಿ ನೋಡ್ರಿ ಅಕ್ಕಾರ. ಟ್ರಪೀಜಿಯಸ್ ಅಂತಾರ."
ಇದಕ್ಕ ಅಂಥಾ ಹೆಸರ್ಯಾಕ?
ಗುಳೇದಗುಡ್ಡದಾಗ ಯಾರನ್ನ ಕೇಳಿದ್ರೂ ಹೇಳ್ತಾರ,
ಮೂಲಿಗೆ ಮೂಲಿ ಹಚ್ಚಿ ಮಡಚಿಟ್ಟ ಎರಡು ಖಣ.

ಇಪ್ಪತ್ತೊಂಬತ್ತು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಾಕಿ ನಾನು.
ಲಾಳಿ ಆ ಕಡೆ, ಲಾಳಿ ಈ ಕಡೆ,
ಕತ್ತು ಮಾತ್ರ ಮುಂದಕ,
ಯಾರೋ ಗುಟ್ಟು ಹೇಳಾಕತ್ತಾರ ಅನ್ನೂಹಂಗ.
ರಾತ್ರಿ ಮಗ್ಗಲ ಬದಲಸಾಕ ಬರಲಾರದಾಗ
ಡಾಕ್ಟರು ಗುಳಿಗಿ ಕೊಟ್ರು, ಮುಲಾಮು ಕೊಟ್ರು,
ಕಡೀಕ "ಕೆಲಸ ಬಿಡು" ಅಂದ್ರು.
ಹುಸೇನಬಿ ಹಂಗ ಅನಲಿಲ್ಲ. ಹೆಬ್ಬಟ್ಟಿಲೆ ಒತ್ತಿ ನೋಡಿದ್ಲು:
"ಮ್ಯಾಲಿಂದು ದುಡದು ದುಡದು ಗಂಟಾಗೇತಿ.
ಕೆಳಗಿಂದು ಮಲಗಿಬಿಟ್ಟೈತಿ."
ನಾ ನಕ್ಕೆ. ನಮ್ಮ ಮನಿ ಲೆಕ್ಕಾನೂ ಅಷ್ಟ ಐತೆವ್ವಾ.

ಆಕಿ ಅಜ್ಜ ಮನಿಮನಿಗೆ ಬಂದು ಅರಳಿ ಹಿಂಜಾಂವ.
ಬಿಲ್ಲಿನ ಟ್ವಂಯ್ ಟ್ವಂಯ್ ಇನ್ನೂ ನೆನಪೈತಿ,
ಮೂಗಿನ ತುಂಬ ಹತ್ತಿ.
ಮೊಮ್ಮಗಳು ಕಬ್ಬಿಣ ಹಿಂಜಾಕ ಹತ್ಯಾಳ.

ಮೊದಲ ಬರೇ ಕೈ. ಬೋರಲ ಮಲಗಿ, ಹೆಬ್ಬಟ್ಟು ಮುಗಲಿಗೆ ಮಾಡಿ
ತಲಿ ಮುಂದ ಚಾಚಿದ ಕೈ ಎತ್ತಬೇಕು;
ಗೇಣು ಏಳೂದ್ರಾಗ ಬೆವರು.
ಆಮ್ಯಾಲ ಎರಡು ಎಣ್ಣಿ ಡಬ್ಬಿ, ಮಲಪ್ರಭಾದ ಉಸುಕು ತುಂಬಿದ್ದು.
"ಮೊಣಕೈ ಮಣಿಸಬ್ಯಾಡ್ರಿ. ಹೆಗಲ ತಿರುವಬ್ಯಾಡ್ರಿ.
ಸೀದಾ ಕಿವಿಕಡೆ ಎತ್ರಿ, ಎರಡು ಎಣಸ್ರಿ,
ಇಳಸೂದು ಮಾತ್ರ ಸಾವಕಾಶ. ಒಗದಬಿಡಬ್ಯಾಡ್ರಿ."

ಹೆಗಲ ಕುಣಿಸೂದು ನನಗ ಹೊಸಾದೇನಲ್ಲ.
ಸಾವಕಾರ "ಈ ಸಲ ಪೀಸಿಗೆ ಮೂರು ರೂಪಾಯಿ ಕಡಿಮಿ" ಅಂದಾಗ ಕುಣಿಸೇನಿ.
ಗಂಡ "ರೊಕ್ಕ ಎಲ್ಲಿಟ್ಟೀ" ಅಂದಾಗ.
ನಾದಿನಿ ಮಗಳು "ಅತ್ತೀ, ನೀ ಯಾಕ ಸಾಲಿ ಬಿಟ್ಟಿ" ಅಂದಾಗ.
ಏನೋಪಾ, ಯಾರಿಗ್ಗೊತ್ತು, ಅಂತ ಎತ್ತಿ
ದಪ್ಪನ ಒಗದಬಿಟ್ಟೇನಿ.
ಕೈಯಾಗ ಹತ್ತು ಹತ್ತು ಕಿಲೋ ಇದ್ರ
ಹಂಗ ಒಗಿಯಾಕ ಬರೂದಿಲ್ಲ.
ಒಗದ್ರ ಹುಸೇನಬಿ ಮತ್ತ ಒಂದರಿಂದ ಎಣಸ್ತಾಳ.

ಮೊನ್ನೆ ಸಾವಕಾರ ಮತ್ತ ಮೂರು ರೂಪಾಯಿ ಅಂದ.
ಹೆಗಲು ತಾವ ಎದ್ದಾವು. ನಿಂತಾವು.
ಒಂದು. ಎರಡು.
ಆಂವ ಕಣಿ ಬರಿಯೂದು ಬಿಟ್ಟು ಮಾರಿ ನೋಡಿದ,
"ಯಾಕಬೇ, ಎಲ್ಲರೆ ಬ್ಯಾನಿ ಏನು?"
ನಾ ಇಳಸಾಕತ್ತಿದ್ದೆ, ಮಾತಾಡಾಕ ಬಿಡುವಿದ್ದಿಲ್ಲ.
"ಆತು ಬಿಡು, ಒಂದು ರೂಪಾಯಿ" ಅಂದ.
ಎರಡು ಉಳದ್ವು. ಗೆದ್ದೆ ಅಂತ ಹೇಳಾಕ ಬರೂದಿಲ್ಲ.

ಹ್ವಾದ ವರ್ಷದ ಜಂಪರು ಹೆಗಲ ಸಂದ್ಯಾಗ ಪರ್ರ್ ಅಂತು.
ಸಿಂಪಿಗೇರ ವಿರುಪಣ್ಣ ಟೇಪು ಹಿಡದು ಎರಡು ಸಲ ಅಳದ,
ಚಾಳೀಸು ಒರಸಿ ಮೂರನೇ ಸಲ:
"ಅರ್ಧ ಇಂಚು ಏರೇತಿ. ತಪ್ಪು ನಂದಲ್ಲವಾ."
ನಂದ ಮಗ್ಗದ ಖಣ ಅದು, ಆನಿ ಹೆಜ್ಜಿದು,
ಒಗದು ಒಗದು ಬೂದಿ ಆಗಿತ್ತು.
ಆಂವ ಬ್ಲೇಡಿಲೆ ಹೊಲಿಗಿ ಬಿಚ್ಚಿದಲ್ಲಿ, ಒಳಮಡಿಕ್ಯಾಗ,
ಬಿಸಿಲು ಕಾಣದ ಕೆಂಪು
ನೇಯ್ದ ದಿನದಂಗ ಇತ್ತು.